ಬಾಡಿಗೆ ಕಟ್ಟಡ ಕಂಪನಿ ಹೆಸರಿನಲ್ಲಿ, ಹೊಣೆ ಮಾತ್ರ ನಿಮ್ಮ ತಲೆ ಮೇಲೆ? ಹುಬ್ಬಳ್ಳಿ-ಧಾರವಾಡದ ಮಾಲೀಕರಿಗೆ ಹಂತ ಹಂತದ ಮಾರ್ಗದರ್ಶಿ

ಗೋಕುಲ ರಸ್ತೆಯಲ್ಲಿ ನಾಲ್ಕು ಮಳಿಗೆ, ಸಪ್ತಾಪುರದಲ್ಲಿ ಮೂರಂತಸ್ತಿನ ಪಿಜಿ, ಕೇಶ್ವಾಪುರದಲ್ಲಿ ಎರಡು ಫ್ಲ್ಯಾಟ್. ಇಷ್ಟು ಆಸ್ತಿ ಇದ್ದವರಿಗೆ ಯಾರೋ ಹೇಳಿರುತ್ತಾರೆ: "ಕಂಪನಿ ಮಾಡಿ ಬಿಡ್ರಿ, ನಾಳೆ ಏನರ ಆದ್ರ ನಿಮ್ಮ ಮನಿಗೆ ಯಾರೂ ಕೈ ಹಚ್ಚಂಗಿಲ್ಲ." ಸರಿ ಎಂದು ಪ್ರೈವೇಟ್ ಲಿಮಿಟೆಡ್ ತೆಗೆಯುತ್ತಾರೆ. ಎರಡು-ಮೂರು ವರ್ಷ ಬಿಟ್ಟು ಫೈಲ್ ತೆರೆದು ನೋಡಿದರೆ ಬಾಡಿಗೆ ಯಜಮಾನರ ಫೋನ್‌ಪೇಗೆ ಬರುತ್ತಿದೆ, ಕರಾರುಪತ್ರದಲ್ಲಿ ಕಂಪನಿಯ ಹೆಸರೇ ಇಲ್ಲ, ಬ್ಯಾಂಕಿಗೆ ಗಂಡ-ಹೆಂಡತಿ ಇಬ್ಬರೂ ಜಾಮೀನು ಬರೆದುಕೊಟ್ಟಿದ್ದಾರೆ. ಇಷ್ಟಾದ ಮೇಲೆ ಕಂಪನಿ ಇದ್ದರೂ ಇಲ್ಲದಿದ್ದರೂ ಸಾಲ ಕೊಟ್ಟವರ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ.

ಕಂಪನಿಯ ಸಾಲಕ್ಕೆ ಶೇರುದಾರ ತಾನು ಹಾಕಿದ ಶೇರು ಹಣದಷ್ಟೇ ಹೊಣೆ, ಇದು ಕಾನೂನು ಕೊಡುವ ರಕ್ಷಣೆ. ಆ ರಕ್ಷಣೆಯನ್ನು ಹೊರಗಿನವರು ಕಿತ್ತುಕೊಳ್ಳುವುದು ಅಪರೂಪ. ಸಾಮಾನ್ಯವಾಗಿ ಮಾಲೀಕರೇ ಸಹಿ ಹಾಕಿ ಬಿಟ್ಟುಕೊಡುತ್ತಾರೆ. ಹಾಗಾಗಿ ಇಲ್ಲಿ ಕಂಪನಿ ನೋಂದಣಿಗಿಂತ ಎಲ್ಲೆಲ್ಲಿ ಯಾವ ಹೆಸರಿನಲ್ಲಿ ಸಹಿ ಬೀಳಬೇಕು, ಹಣ ಯಾವ ಖಾತೆಗೆ ಹೋಗಬೇಕು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಂತಗಳ ಕ್ರಮ ತಪ್ಪಿಸಬೇಡಿ. ಮೂರನೆಯದನ್ನು ಮೊದಲು ಮಾಡಿಕೊಂಡವರ ಫೈಲುಗಳೇ ಹೆಚ್ಚು ಕೆಟ್ಟಿರುತ್ತವೆ.

## 1. ಮೊದಲು ಲೆಕ್ಕ: ಕಂಪನಿ ನಿಮಗೆ ಬೇಕೇ?

ವಿದ್ಯಾನಗರದಲ್ಲಿ ಒಂದೆರಡು ಮನೆ ಬಾಡಿಗೆಗೆ ಕೊಟ್ಟಿದ್ದೀರಿ, ಸಾಲ ಇಲ್ಲ, ಬಾಡಿಗೆದಾರರು ಸಂಸಾರಸ್ಥರು ಎಂದಾದರೆ ಕಂಪನಿ ಬೇಡ. ಒಳ್ಳೆಯ ವಿಮೆ, ಸರಿಯಾದ ಕರಾರುಪತ್ರ ಸಾಕು.

ತೆರಿಗೆ ಉಳಿಯುತ್ತದೆ ಎಂಬ ಆಸೆಯಿಂದಲೂ ಕಂಪನಿ ಮಾಡಬೇಡಿ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ವ್ಯಕ್ತಿಗೆ ಬಾಡಿಗೆಯಂಥ ಸಾಮಾನ್ಯ ಆದಾಯ ವರ್ಷಕ್ಕೆ 12 ಲಕ್ಷದವರೆಗೆ ಇದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಬೀಳುವುದಿಲ್ಲ. ಕಂಪನಿಗೆ ಅಂಥ ವಿನಾಯಿತಿ ಇಲ್ಲ. ಶೇ 22ರ ದರ ಆರಿಸಿಕೊಂಡರೂ ಸರ್ಚಾರ್ಜ್, ಸೆಸ್ ಸೇರಿ ಶೇ 25.17ರಷ್ಟಾಗುತ್ತದೆ. ಉಳಿದದ್ದನ್ನು ಡಿವಿಡೆಂಡ್ ಎಂದು ಮನೆಗೆ ತಂದರೆ ನಿಮ್ಮ ಕೈಯಲ್ಲಿ ಮತ್ತೊಮ್ಮೆ ತೆರಿಗೆ. ಜತೆಗೆ ಪ್ರತಿ ವರ್ಷ ಆಡಿಟ್, ಸಿಎ ಫೀ, ಫೈಲಿಂಗ್ ಖರ್ಚು.

ಕಂಪನಿ ಅರ್ಥಪೂರ್ಣವಾಗುವುದು ಅಪಾಯ ನಿಜವಾಗಿ ದೊಡ್ಡದಿರುವಲ್ಲಿ: ಜನ ಓಡಾಡುವ ವಾಣಿಜ್ಯ ಕಟ್ಟಡ, ಲಿಫ್ಟ್ ಇರುವ ಕಾಂಪ್ಲೆಕ್ಸ್, ಐವತ್ತು-ಅರವತ್ತು ಹುಡುಗರು ಮಲಗುವ ಪಿಜಿ, ಸಂಬಂಧಿಕರಲ್ಲದ ಪಾಲುದಾರರು. ಹಾಗೆಯೇ ಮುಂದೆ ಇನ್ನೂ ಕಟ್ಟಡ ಖರೀದಿಸುವ ಯೋಜನೆ ಇದ್ದರೆ.

## 2. ಯಾವ ರೂಪ?

ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಶೇರುದಾರರು, ಇಬ್ಬರು ಡೈರೆಕ್ಟರ್‌ಗಳು ಬೇಕು. ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿ, ಅದಕ್ಕೆ ನಾಮಿನಿ ಕಡ್ಡಾಯ. ಇವಕ್ಕೆ ವ್ಯವಹಾರ ಎಷ್ಟೇ ಸಣ್ಣದಿರಲಿ ಆಡಿಟ್ ತಪ್ಪುವುದಿಲ್ಲ.

ಎಲ್‌ಎಲ್‌ಪಿ ಎಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ, ಇದರ ಕಾಗದಪತ್ರ ಕಡಿಮೆ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಕಡ್ಡಾಯವಲ್ಲ. ತೆರಿಗೆ ಶೇ 30 ಮತ್ತು ಸೆಸ್, ಆದರೆ ಲಾಭದ ಪಾಲು ಪಾಲುದಾರರ ಕೈಗೆ ಬಂದಾಗ ಮತ್ತೆ ತೆರಿಗೆಯಿಲ್ಲ. ಬಾಡಿಗೆಯನ್ನು ವರ್ಷವೂ ಮನೆಗೆ ತಂದು ಖರ್ಚು ಮಾಡುವ ಕುಟುಂಬಕ್ಕೆ ಎಲ್‌ಎಲ್‌ಪಿಯೇ ಹಗುರ ಎಂಬುದು ನನ್ನ ಅಭಿಪ್ರಾಯ. ಬಾಡಿಗೆಯನ್ನು ಒಳಗೇ ಉಳಿಸಿ ಮತ್ತೊಂದು ಕಟ್ಟಡ ಕೊಳ್ಳುವವರಿಗೆ ಕಂಪನಿ.

ಎರಡರಲ್ಲೂ ಒಂದು ಮಿತಿ ಇದೆ. ನೀವೇ ಸ್ವತಃ ಮಾಡಿದ ತಪ್ಪಿಗೆ, ವಂಚನೆಗೆ ಹೊಣೆ ನಿಮ್ಮದೇ. ಯಾವ ನೋಂದಣಿಯೂ ಅದನ್ನು ತಪ್ಪಿಸದು.

## 3. ನೋಂದಣಿಯಲ್ಲಿ ಗಮನಿಸಬೇಕಾದ ನಾಲ್ಕು ಜಾಗ

ನೋಂದಣಿ ಈಗ ಆನ್‌ಲೈನ್, ಸಿಎ ಅಥವಾ ಸಿಎಸ್ (ಕಂಪನಿ ಸೆಕ್ರೆಟರಿ) ಮಾಡಿಕೊಡುತ್ತಾರೆ. ಆದರೆ ಇವನ್ನು ನೀವೇ ಓದಿ ನೋಡಿ.

ಉದ್ದೇಶದ ಕಲಂ. "ಸ್ಥಿರಾಸ್ತಿ ಖರೀದಿಸಿ ಬಾಡಿಗೆ, ಲೀಸ್‌ಗೆ ಕೊಡುವುದು" ಎಂಬುದು ಮುಖ್ಯ ಉದ್ದೇಶವಾಗಿಯೇ ಇರಲಿ. ಬಾಡಿಗೆ ಕೊಡುವುದೇ ಕಂಪನಿಯ ಮುಖ್ಯ ಉದ್ದೇಶವಾಗಿದ್ದ ಒಂದು ಪ್ರಕರಣದಲ್ಲಿ ಆ ಬಾಡಿಗೆಯನ್ನು ವ್ಯಾಪಾರದ ಆದಾಯ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಿತು. ವಾಸದ ಮನೆಯ ಬಾಡಿಗೆಗೆ ಇದು ಈಗ ಅನ್ವಯಿಸದು. 2024ರ ತಿದ್ದುಪಡಿಯ ನಂತರ ಅದು ಮನೆ ಆಸ್ತಿಯ ಆದಾಯವೇ.

ನೋಂದಾಯಿತ ಕಚೇರಿ. ನೋಟಿಸುಗಳೆಲ್ಲ ಬರುವುದು ಇಲ್ಲಿಗೆ. ಬೀಗ ಹಾಕಿದ ಮನೆಯ ವಿಳಾಸ ಕೊಡಬೇಡಿ. ಹೊರಗೆ ಕಂಪನಿ ಹೆಸರಿನ ಫಲಕ ಇರಲೇಬೇಕು, ಅದರಲ್ಲಿ ಸ್ಥಳೀಯ ಭಾಷೆಯೂ ಇರಬೇಕು ಎಂದು ಕಂಪನಿ ಕಾಯ್ದೆಯೇ ಹೇಳುತ್ತದೆ.

ಶೇರು ಹಣ. ನೋಂದಣಿ ಪತ್ರ ಕೈಗೆ ಬಂದ ಕೂಡಲೇ ಕಂಪನಿಯ ಕರೆಂಟ್ ಖಾತೆ ತೆರೆದು ಒಪ್ಪಿಕೊಂಡ ಶೇರು ಹಣ ಅಲ್ಲಿಗೆ ಹಾಕಿ. ಶೇರು ಹಣ ಬಂದಿದೆ ಎಂದು ಘೋಷಿಸುವ ಐಎನ್‌ಸಿ-20ಎ ಫಾರ್ಮನ್ನು 180 ದಿನದೊಳಗೆ ಸಲ್ಲಿಸದೆ ಕಂಪನಿ ವ್ಯವಹಾರ ಶುರು ಮಾಡುವಂತಿಲ್ಲ, ಸಾಲವನ್ನೂ ಎತ್ತುವಂತಿಲ್ಲ. ಇದನ್ನು ಮರೆತು ಬಾಡಿಗೆ ವಸೂಲಿಗೆ ಇಳಿದವರು ಬಹಳ.

ಆಡಿಟರ್ ನೇಮಕ. 30 ದಿನದೊಳಗೆ. ಠರಾವು ಬರೆದು ಸಹಿ ಮಾಡಿ ಫೈಲಿನಲ್ಲಿಡಿ.

## 4. ಕಟ್ಟಡವನ್ನು ಕಂಪನಿಯೊಳಗೆ ತರುವುದು

ಕಂಪನಿ ಹೊಸದಾಗಿ ಖರೀದಿಸುವುದಾದರೆ ಕೆಲಸ ಸರಳ. ಹಣ ಕಂಪನಿ ಖಾತೆಯಿಂದಲೇ ಹೋಗಬೇಕು, ಖರೀದಿ ಪತ್ರ ಕಂಪನಿಯ ಹೆಸರಿಗೇ ಆಗಬೇಕು, ಸಹಿ ಮಾಡುವ ಡೈರೆಕ್ಟರ್‌ಗೆ ಬೋರ್ಡ್ ಠರಾವಿನಲ್ಲಿ ಅಧಿಕಾರ ಕೊಟ್ಟಿರಬೇಕು. ಕಂಪನಿ ದುಡ್ಡು ಕೊಟ್ಟು ಖರೀದಿ ಪತ್ರ ಅಣ್ಣನ ಹೆಸರಿಗೆ ಮಾಡಿಸಿದರೆ ಬೇನಾಮಿ ಕಾಯ್ದೆಯ ಪ್ರಶ್ನೆಗೆ ಉತ್ತರ ಕೊಡುತ್ತ ಕೂಡಬೇಕಾಗುತ್ತದೆ.

ಈಗಾಗಲೇ ನಿಮ್ಮ ಹೆಸರಿನಲ್ಲಿರುವ ಕಟ್ಟಡವನ್ನು ವರ್ಗಾಯಿಸುವುದು ದುಬಾರಿ. "ನನ್ನದೇ ಕಂಪನಿ ಅಲ್ಲೇನ್ರಿ?" ಎಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯುವುದಿಲ್ಲ. ಕಾನೂನಿಗೆ ಅದು ಬೇರೆಯವರಿಗೆ ಮಾರಿದಂತೆಯೇ. ನಗರದಲ್ಲಿ ಸ್ಟಾಂಪ್ ಡ್ಯೂಟಿ ಸೆಸ್-ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಂದು ಕೋಟಿಯ ಕಟ್ಟಡಕ್ಕೆ 7.6 ಲಕ್ಷ ಇಲ್ಲೇ ಹೋಯಿತು. ಅದರ ಮೇಲೆ ನಿಮಗೆ ಬಂಡವಾಳ ಲಾಭದ ತೆರಿಗೆ. ಕುಟುಂಬದವರಿಗೆ ದಾನಪತ್ರ ಮಾಡುವಾಗಿನ ರಿಯಾಯಿತಿ ಕಂಪನಿಗೆ ಸಿಗದು. ಮಾರ್ಗಸೂಚಿ ಬೆಲೆಗಿಂತ ಕಡಿಮೆ ತೋರಿಸಿದರೆ ಮಾರುವ ನಿಮಗೂ ಕೊಳ್ಳುವ ಕಂಪನಿಗೂ ಎರಡೂ ಕಡೆ ತೆರಿಗೆಯ ತೊಡಕು.

ಹಣದ ಬದಲು ಶೇರು ಪಡೆದು ಆಸ್ತಿ ಕೊಡುವುದಾದರೆ ಇನ್ನೊಂದು ಕೆಲಸವಿದೆ. ಡೈರೆಕ್ಟರ್‌ನಿಂದ ಹಣವಲ್ಲದ ಪ್ರತಿಫಲಕ್ಕೆ ಆಸ್ತಿ ಪಡೆಯಲು ಕಂಪನಿ ಕಾಯ್ದೆಯ 192ನೇ ಕಲಂ ಪ್ರಕಾರ ಶೇರುದಾರರ ಸಭೆಯ ಒಪ್ಪಿಗೆ ಮೊದಲೇ ಬೇಕು, ಜತೆಗೆ ಮೌಲ್ಯಮಾಪನ ವರದಿ.

ಎಚ್ಚರಿಕೆಯ ದೊಡ್ಡ ಮಾತು ಇಲ್ಲಿದೆ. ಸಾಲ ಕೊಟ್ಟವರು ಬಾಗಿಲಿಗೆ ಬಂದ ಮೇಲೆ, ಕೋರ್ಟ್ ನೋಟಿಸ್ ಮುಟ್ಟಿದ ಮೇಲೆ ಆಸ್ತಿಯನ್ನು ಕಂಪನಿಗೆ ಸಾಗಿಸಿದರೆ ಅದು ನಿಲ್ಲುವುದಿಲ್ಲ. ಸಾಲ ಕೊಟ್ಟವರನ್ನು ತಪ್ಪಿಸಲು ಮಾಡಿದ ವರ್ಗಾವಣೆಯನ್ನು ರದ್ದುಪಡಿಸಿಕೊಳ್ಳುವ ಹಕ್ಕನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅವರಿಗೆ ಕೊಟ್ಟಿದೆ. ಇನ್ನೊಂದು: ನಿಮ್ಮ ಸ್ವಂತ ಸಾಲಕ್ಕೆ ಕಂಪನಿಯ ಕಟ್ಟಡವನ್ನು ನೇರ ಜಪ್ತಿ ಮಾಡಲಾಗದಿದ್ದರೂ ಕಂಪನಿಯಲ್ಲಿನ ನಿಮ್ಮ ಶೇರುಗಳನ್ನು ಜಪ್ತಿ ಮಾಡಬಹುದು. ಈ ರಕ್ಷಣೆ ಮುಖ್ಯವಾಗಿ ಕಟ್ಟಡದ ಹೊಣೆ ನಿಮ್ಮ ಮನೆಗೆ ಬಾರದಂತೆ ತಡೆಯಲು ಇದೆ, ನಿಮ್ಮ ಕೈಗಡ ಕಟ್ಟಡಕ್ಕೆ ಬಾರದಂತೆ ತಡೆಯಲು ಅಲ್ಲ.

## 5. ದಾಖಲೆಗಳಲ್ಲಿ ಹೆಸರು ಬದಲಿಸುವುದು

ನೋಂದಣಿ ಮುಗಿಯಿತೆಂದು ಪೇಢೆ ಹಂಚಿ ಸುಮ್ಮನಾಗಬೇಡಿ. ನಮ್ಮ ಕಡೆ ಪಾಲಿಕೆಯ ಇ-ಖಾತಾ ಬೇರೆ, ಸಿಟಿ ಸರ್ವೆ ಕಚೇರಿಯ ಸಿಟಿಎಸ್ ಉತಾರ ಬೇರೆ. ಒಂದರಲ್ಲಿ ಕಂಪನಿ, ಇನ್ನೊಂದರಲ್ಲಿ ಹಳೆಯ ಮಾಲೀಕರ ತಂದೆಯ ಹೆಸರು ಇರುವ ಕಟ್ಟಡಗಳಿಗೆ ಕಡಿಮೆಯಿಲ್ಲ. ಎರಡರಲ್ಲೂ ಕಂಪನಿಯ ಹೆಸರು ನೋಂದಣಿ ಪತ್ರದಲ್ಲಿದ್ದಂತೆ ಅಕ್ಷರಕ್ಕಕ್ಷರ ಬರಲಿ. ಉತಾರದಲ್ಲಿ ಹಳೆಯ ಬೋಜಾ ತೆಗೆದಿದ್ದಾರೆಯೇ ನೋಡಿ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ಫೈಲಿನಲ್ಲಿಡಿ.

ಆಮೇಲೆ ಹೆಸ್ಕಾಂ ಮೀಟರ್, ನೀರಿನ ಸಂಪರ್ಕ, ಆಸ್ತಿ ತೆರಿಗೆ, ಲಿಫ್ಟ್ ಪರವಾನಗಿ, ವಿಮೆ. ಶಾರ್ಟ್ ಸರ್ಕ್ಯೂಟ್ ಆಗಿ ಯಾರಿಗಾದರೂ ಪೆಟ್ಟಾದರೆ ಮೊದಲು ಕೇಳುವುದು ಮೀಟರ್ ಯಾರ ಹೆಸರಿನಲ್ಲಿದೆ ಎಂದೇ.

## 6. ಬ್ಯಾಂಕ್ ಸಾಲ ಮತ್ತು ಸ್ವಂತ ಜಾಮೀನು

ಅರ್ಧಕ್ಕರ್ಧ ಮಾಲೀಕರ ರಕ್ಷಣೆ ಮುರಿಯುವುದು ಈ ಒಂದೇ ಹಂತದಲ್ಲಿ. ಸಾಲ ಮಂಜೂರಾದ ಖುಷಿಯಲ್ಲಿ ಬ್ಯಾಂಕಿನವರು ತೋರಿಸಿದಲ್ಲೆಲ್ಲ ಸಹಿ ಮಾಡುತ್ತಾರೆ. ಆ ಕಟ್ಟಿನಲ್ಲಿ ಒಂದು ಪತ್ರದ ತಲೆಬರಹ "ಡೀಡ್ ಆಫ್ ಗ್ಯಾರಂಟಿ" ಎಂದಿರುತ್ತದೆ. ಅಲ್ಲಿ ಕಂಪನಿಯ ಮುದ್ರೆ ಬೀಳುವುದಿಲ್ಲ, ನಿಮ್ಮ ಹೆಸರು, ನಿಮ್ಮ ತಂದೆಯ ಹೆಸರು, ಮನೆಯ ವಿಳಾಸ ಇರುತ್ತದೆ. ಸಹಿ ಬಿದ್ದರೆ ಕಂಪನಿ ಕಟ್ಟದ ಸಾಲ ನಿಮ್ಮದು.

ಜಾಮೀನುದಾರನ ಹೊಣೆ ಮೂಲ ಸಾಲಗಾರನಷ್ಟೇ ಇರುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 128ನೇ ಕಲಂ. ಅಂದರೆ ಬ್ಯಾಂಕು ಮೊದಲು ಕಟ್ಟಡ ಹರಾಜು ಹಾಕಿ, ಸಾಲದಿದ್ದರೆ ಮಾತ್ರ ನಿಮ್ಮ ಬಳಿ ಬರಬೇಕೆಂಬ ನಿಯಮವಿಲ್ಲ. ಕಂಪನಿ ಸಾಲಕ್ಕೆ ಜಾಮೀನು ಹಾಕಿದವರ ಮೇಲೆ ದಿವಾಳಿ ಸಂಹಿತೆಯಡಿ ನೇರ ಕ್ರಮ 2019ರ ಡಿಸೆಂಬರ್ 1ರಿಂದ ಸಾಧ್ಯವಾಗಿದೆ. ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಜಾಮೀನಿಲ್ಲದೆ ಸಾಲ ಸಿಗುವುದು ಸಣ್ಣ ಕಂಪನಿಗೆ ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ಚೌಕಾಶಿಗೆ ಜಾಗ ಇದೆ, ಕೇಳುವವರು ಕಡಿಮೆ. ಮಂಜೂರಾತಿ ಪತ್ರ ಬಂದ ದಿನ, ಸಹಿಗೆ ಮೊದಲೇ, ಲಿಖಿತವಾಗಿ ಹೀಗೆ ಕೇಳಿ:

ಜಾಮೀನಿನ ಮೊತ್ತಕ್ಕೆ ಮೇಲ್ಮಿತಿ ಇರಲಿ. ಸಾಲ 80 ಲಕ್ಷವಾದರೆ ಜಾಮೀನು 25 ಲಕ್ಷಕ್ಕೆ ಸೀಮಿತ ಎಂದು ಬರೆಸಲು ಯತ್ನಿಸಿ. ಸಾಲ ಅರ್ಧ ತೀರಿದ ಮೇಲೆ ಜಾಮೀನು ಬಿಡುಗಡೆ ಎಂಬ ಷರತ್ತು ಕೇಳಿ. ಕಟ್ಟಡದ ಬೆಲೆ ಸಾಲಕ್ಕಿಂತ ಬಹಳ ಹೆಚ್ಚಿದ್ದರೆ ಇದಕ್ಕೆ ಬಲ ಇರುತ್ತದೆ. ಒಬ್ಬರದೇ ಜಾಮೀನು ಸಾಕೆನ್ನಿ. ಡೈರೆಕ್ಟರ್ ಅಲ್ಲದ ಹೆಂಡತಿಯನ್ನೋ ವಯಸ್ಸಾದ ಅವ್ವನನ್ನೋ ಜಾಮೀನಿಗೆ ಕೂಡಿಸಬೇಡಿ. ನೀವು ವಾಸಿಸುವ ಮನೆಯನ್ನು ಹೆಚ್ಚುವರಿ ಅಡಮಾನ ಕೇಳಿದರೆ ಬ್ಯಾಂಕನ್ನೇ ಬದಲಿಸಿ. ಆ ಮನೆಯನ್ನು ಉಳಿಸಲೆಂದೇ ಅಲ್ಲವೇ ಇಷ್ಟೆಲ್ಲ?

ಒಳ್ಳೆಯ ಬಾಡಿಗೆದಾರ ಇದ್ದರೆ, ಉದಾಹರಣೆಗೆ ಮಳಿಗೆಯನ್ನು ಬ್ಯಾಂಕ್ ಶಾಖೆಗೋ ದೊಡ್ಡ ಅಂಗಡಿ ಸರಪಳಿಗೋ ದೀರ್ಘ ಲೀಸ್ ಕೊಟ್ಟಿದ್ದರೆ, ಬಾಡಿಗೆಯ ಆಧಾರದ ಮೇಲೆ ಸಾಲ ಕೊಡುವ ಯೋಜನೆ ಕೇಳಿ. ಬಾಡಿಗೆ ನೇರ ಸಾಲದ ಖಾತೆಗೆ ಹೋಗುವುದರಿಂದ ಬ್ಯಾಂಕಿನ ಭಯ ಕಡಿಮೆ, ಜಾಮೀನಿನ ಮಾತಿನಲ್ಲಿ ನಿಮ್ಮ ಕೈ ಸ್ವಲ್ಪ ಮೇಲೆ.

ಅಡಮಾನ ಆದ 30 ದಿನದೊಳಗೆ ಅದನ್ನು ಕಂಪನಿ ರಿಜಿಸ್ಟ್ರಾರ್‌ನಲ್ಲಿ ಸಿಎಚ್‌ಜಿ-1 ಫಾರ್ಮ್ ಮೂಲಕ ದಾಖಲಿಸಬೇಕು. ಸಾಲ ತೀರಿದ ಮೇಲೆ ಅದನ್ನು ತೆಗೆಸುವುದನ್ನೂ, ಜಾಮೀನು ಪತ್ರ ವಾಪಸ್ ಪಡೆಯುವುದನ್ನೂ ಮರೆಯಬೇಡಿ. ಡೈರೆಕ್ಟರ್ ಹುದ್ದೆಗೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಜಾಮೀನು ಮುಗಿಯುವುದಿಲ್ಲ.

## 7. ಕರಾರುಪತ್ರ: ಸಹಿ ಯಾರದು?

ನೋಟರಿ ಕಚೇರಿಯ ಟೈಪಿಸ್ಟ್ ಬಳಿ ಹಳೆಯ ನಮೂನೆ ಇರುತ್ತದೆ. ಅದರಲ್ಲಿ ಮಾಲೀಕರ ಜಾಗದಲ್ಲಿ ಅವರು ನಿಮ್ಮ ಹೆಸರನ್ನೇ ತುಂಬುತ್ತಾರೆ. ಮಾಲೀಕರ ವಿವರ ಹೀಗಿರಬೇಕು (ಸಿಐಎನ್ ಎಂದರೆ ಕಂಪನಿಯ ಗುರುತಿನ ಸಂಖ್ಯೆ):

"ಹುಬ್ಬಳ್ಳಿಯಲ್ಲಿ ನೋಂದಾಯಿತ ಕಚೇರಿ ಹೊಂದಿರುವ ______ ಪ್ರೈವೇಟ್ ಲಿಮಿಟೆಡ್, ಸಿಐಎನ್ ______, ಇದರ ಪರವಾಗಿ ದಿನಾಂಕ ______ರ ಬೋರ್ಡ್ ಠರಾವಿನಂತೆ ಅಧಿಕಾರ ಪಡೆದ ಡೈರೆಕ್ಟರ್ ಶ್ರೀ/ಶ್ರೀಮತಿ ______."

ಕೊನೆಯಲ್ಲಿ ಸಹಿಯ ಮೇಲೆ "______ ಪ್ರೈವೇಟ್ ಲಿಮಿಟೆಡ್ ಪರವಾಗಿ", ಕೆಳಗೆ "ಡೈರೆಕ್ಟರ್". ಈ ಎರಡು ಸಾಲು ಇಲ್ಲದ ಬರಿ ಸಹಿ ನಿಮ್ಮ ಸ್ವಂತ ಸಹಿ ಎಂದು ವಾದಿಸಲು ಎದುರು ವಕೀಲರಿಗೆ ದಾರಿ ಸಿಗುತ್ತದೆ. ರಸೀದಿ, ನೋಟಿಸ್, ವಾಟ್ಸಾಪ್‌ನಲ್ಲಿ ಕಳಿಸುವ ಬಾಡಿಗೆ ಬಿಲ್ ಎಲ್ಲದಕ್ಕೂ ಇದೇ ಕ್ರಮ.

11 ತಿಂಗಳ ಕರಾರು ಮನೆಗೆ ಸರಿ. ಮಳಿಗೆಗೆ ಐದು, ಒಂಬತ್ತು ವರ್ಷದ ಲೀಸ್ ಆದರೆ ನೋಂದಣಿ ಮಾಡಿಸಲೇಬೇಕು.

ಡಿಪಾಸಿಟ್ ವಾಪಸ್ ಮಾಡುವಾಗ ಜೋಪಾನ. ಕಂಪನಿಯ ಚೆಕ್ ಬೌನ್ಸ್ ಆದರೆ ಸಹಿ ಹಾಕಿದ ಡೈರೆಕ್ಟರ್ ಮೇಲೂ ಕ್ರಿಮಿನಲ್ ಕೇಸ್ ನಡೆಯುತ್ತದೆ. ಇಲ್ಲಿ ಕಂಪನಿ ಅಡ್ಡ ಬರುವುದಿಲ್ಲ. ಡಿಪಾಸಿಟ್ ಹಣಕ್ಕೆ ಬೇರೆ ಎಫ್‌ಡಿ ಇಡಿ, ಮುಟ್ಟಬೇಡಿ.

ಜಿಎಸ್‌ಟಿ: ವಾಣಿಜ್ಯ ಬಾಡಿಗೆಗೆ ಶೇ 18. ಸಪ್ತಾಪುರದ ಪಿಜಿಯವರು ಗಮನಿಸಿ, ತಲೆಗೆ ತಿಂಗಳಿಗೆ 20 ಸಾವಿರದೊಳಗೆ ಇದ್ದು 90 ದಿನ ಸತತ ವಾಸವಿದ್ದರೆ 2024ರ ಜುಲೈನಿಂದ ವಿನಾಯಿತಿ ಇದೆ.

## 8. ಹಣ ಬೆರೆಸದಿರುವುದು

ನಿಮ್ಮನ್ನೂ ಕಂಪನಿಯನ್ನೂ ಕೋರ್ಟ್ ಒಂದೇ ಎಂದು ನೋಡುವಂತೆ ಮಾಡಲು ಎದುರಾಳಿ ಮೊದಲು ಕೇಳುವುದು ಬ್ಯಾಂಕ್ ಸ್ಟೇಟ್‌ಮೆಂಟ್. ಅದರಲ್ಲಿ ಮಗನ ಕಾಲೇಜು ಫೀ, ಮದುವೆ ಹಾಲ್‌ನ ಅಡ್ವಾನ್ಸ್, ಬಂಗಾರದ ಅಂಗಡಿಯ ಬಿಲ್ ಕಂಡರೆ ಮುಂದಿನ ವಾದ ಸುಲಭ.

ಮಾಡಬೇಕಾದ್ದು ಇಷ್ಟು. ಕಂಪನಿ ಖಾತೆಯ ಕ್ಯೂಆರ್ ಕೋಡ್ ಮಾಡಿಸಿ ಪ್ರತಿ ಬಾಡಿಗೆದಾರರಿಗೆ ಕೊಡಿ. ನಿಮ್ಮ ಸ್ವಂತ ನಂಬರಿಗೆ ಯಾರಾದರೂ ಕಳಿಸಿದರೆ ಅದೇ ದಿನ ಅದೇ ಮೊತ್ತ ಕಂಪನಿ ಖಾತೆಗೆ ಸಾಗಿಸಿ, ವಿವರದಲ್ಲಿ ಮಳಿಗೆ ನಂಬರ್ ಬರೆಯಿರಿ. ನಗದು ಪಡೆದರೆ ರಸೀದಿ ಪುಸ್ತಕದಲ್ಲಿ ದಾಖಲಿಸಿ ಬ್ಯಾಂಕಿಗೆ ಕಟ್ಟಿ.

ಮನೆಗೆ ಹಣ ಬೇಕಾದರೆ ದಾರಿಗಳಿವೆ: ಡೈರೆಕ್ಟರ್ ಸಂಬಳ, ಡಿವಿಡೆಂಡ್, ನೀವು ಕಂಪನಿಗೆ ಕೊಟ್ಟ ಸಾಲದ ಮರುಪಾವತಿ. ಕೊನೆಯದು ಅನೇಕರಿಗೆ ಅನುಕೂಲ. ಆದರೆ ಸಾಲ ಕೊಡುವಾಗಲೇ "ಇದು ನಾನು ಬೇರೆ ಕಡೆ ಸಾಲ ತಂದ ಹಣವಲ್ಲ" ಎಂದು ಲಿಖಿತ ಘೋಷಣೆ ಕೊಟ್ಟಿರಬೇಕು, ಇಲ್ಲದಿದ್ದರೆ ಅದು ಠೇವಣಿ ನಿಯಮದೊಳಗೆ ಸಿಕ್ಕಿಬೀಳುತ್ತದೆ. ಕಂಪನಿಯೇ ಡೈರೆಕ್ಟರ್‌ಗೆ ಸಾಲ ಕೊಡುವುದಕ್ಕೆ 185ನೇ ಕಲಂ ಅಡ್ಡ ಬರುತ್ತದೆ. "ಆಮೇಲೆ ಹಾಕ್ತೀನಿ" ಎಂದು ತೆಗೆದ ಹಣವನ್ನು ಆಡಿಟರ್ ಅದೇ ಲೆಕ್ಕಕ್ಕೆ ಬರೆಯುತ್ತಾರೆ.

ಮೇಲಿನ ಮನೆಯಲ್ಲಿ ಮಗಳು-ಅಳಿಯ ಇದ್ದಾರೆ, ಕೆಳಗಿನ ಮಳಿಗೆಯಲ್ಲಿ ತಮ್ಮನ ಅಂಗಡಿ ಇದೆ, ಬಾಡಿಗೆ ಎಲ್ಲಿ ಕೇಳೋದು ಎಂಬ ಮುಲಾಜು ನಮ್ಮಲ್ಲಿ ಸಹಜ. ಕಟ್ಟಡ ಈಗ ನಿಮ್ಮದಲ್ಲ, ಕಂಪನಿಯದು. ಅವರಿಗೂ ಕರಾರುಪತ್ರ ಬೇಕು, ಮಾರುಕಟ್ಟೆಯ ಬಾಡಿಗೆ ಬೇಕು, ಬೋರ್ಡ್ ಠರಾವು ಬೇಕು. ಪ್ರೀತಿ ಇದ್ದರೆ ನಿಮ್ಮ ಸ್ವಂತ ಜೇಬಿನಿಂದ ಅವರಿಗೆ ಕೊಡಿ, ಅವರು ಕಂಪನಿಗೆ ಕಟ್ಟಲಿ.

ಪರೀಕ್ಷಿಸುವ ಸುಲಭ ದಾರಿ: ನಿಮ್ಮ ಸ್ವಂತ ಪ್ಯಾನ್‌ನ 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆ ಕಡಿತದ ಪಟ್ಟಿ) ತೆರೆಯಿರಿ. ಮಳಿಗೆಯ ಬಾಡಿಗೆದಾರರು ಕಡಿತ ಮಾಡಿದ ಟಿಡಿಎಸ್ ಅಲ್ಲಿ ಕಂಡರೆ, ಅವರ ಪುಸ್ತಕದಲ್ಲಿ ಮಾಲೀಕರು ನೀವೇ. ಕಂಪನಿಯ ಪ್ಯಾನ್ ಕೊಟ್ಟು ತಿದ್ದಿಸಿ.

## 9. ವಿಮೆ ಮತ್ತು ಕಟ್ಟಡದ ಸುರಕ್ಷತೆ

ಪಿಜಿಯಲ್ಲಿ ಗೀಸರ್ ಸಿಡಿದು ಹುಡುಗನೊಬ್ಬನಿಗೆ ಗಾಯವಾಯಿತು ಎನ್ನಿ. ಪರಿಹಾರದ ಹಣದ ಹೊಣೆ ಕಂಪನಿಯದಾಗಬಹುದು. ಆದರೆ ಕೆಟ್ಟ ವೈರಿಂಗ್ ಬಗ್ಗೆ ನಿಮಗೆ ಮೊದಲೇ ದೂರು ಬಂದಿತ್ತು, ನೀವು ಸುಮ್ಮನಿದ್ದಿರಿ ಎಂದಾದರೆ ನಿರ್ಲಕ್ಷ್ಯದ ಕ್ರಿಮಿನಲ್ ಕೇಸ್ ನಿಮ್ಮ ಮೇಲೆ ವೈಯಕ್ತಿಕವಾಗಿ ಬರಬಹುದು.

ಬೆಂಕಿ ವಿಮೆ ಆಸ್ತಿಗೆ ಮಾತ್ರ. ಒಂದು ಜಾಗದಲ್ಲಿನ ಆಸ್ತಿ ಮೌಲ್ಯ 5 ಕೋಟಿಯೊಳಗಿನ ವಾಣಿಜ್ಯ ಕಟ್ಟಡಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಇದೆ. ಜನರಿಗೆ ಆಗುವ ಗಾಯಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಬೇರೆ ಕೇಳಿ ಪಡೆಯಿರಿ. ಏಜೆಂಟರು ತಾವಾಗಿ ಹೇಳುವುದು ಕಡಿಮೆ. ಪಾಲಿಸಿಯಲ್ಲಿ ವಿಮೆ ಪಡೆದವರ ಹೆಸರು ಕಂಪನಿಯದೇ ಇರಲಿ. ಕಟ್ಟಡವನ್ನು "ವಾಸದ ಮನೆ" ಎಂದು ಬರೆಸಿ ಪಿಜಿ ನಡೆಸಿದರೆ ಕ್ಲೇಮು ತಿರಸ್ಕಾರವಾಗುವ ಸಂಭವ ಹೆಚ್ಚು. ಬಾಡಿಗೆದಾರರ ದೂರುಗಳಿಗೆ ಒಂದು ವಹಿ ಇಡಿ, ದುರಸ್ತಿಯ ಬಿಲ್ ಅಲ್ಲೇ ಅಂಟಿಸಿ.

## 10. ವರ್ಷದ ಕಾಗದ

ಕಂಪನಿ ರಿಜಿಸ್ಟ್ರಾರ್‌ಗೆ ಲೆಕ್ಕಪತ್ರ ವಾರ್ಷಿಕ ಸಭೆಯ 30 ದಿನದೊಳಗೆ, ವಾರ್ಷಿಕ ವರದಿ 60 ದಿನದೊಳಗೆ ಹೋಗಬೇಕು. ತಡವಾದರೆ ಪ್ರತಿ ಫಾರ್ಮಿಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ. ಎಲ್‌ಎಲ್‌ಪಿಯವರಿಗೆ ಮೇ 30 ಮತ್ತು ಅಕ್ಟೋಬರ್ 30. ಸತತ ಮೂರು ವರ್ಷ ಕಂಪನಿಯ ಲೆಕ್ಕ ಸಲ್ಲಿಸದಿದ್ದರೆ ಡೈರೆಕ್ಟರ್‌ಗಳು ಐದು ವರ್ಷ ಅನರ್ಹ. ಕಂಪನಿಯ ಹೆಸರನ್ನೇ ರಿಜಿಸ್ಟ್ರಾರ್ ಅಳಿಸಿದರೆ ಕಟ್ಟಡ ಇದ್ದೂ ಮಾರಲಾಗದ ಸ್ಥಿತಿ, ಮತ್ತೆ ಎನ್‌ಸಿಎಲ್‌ಟಿಗೆ (ಕಂಪನಿ ಕಾನೂನು ನ್ಯಾಯಮಂಡಳಿ) ಅಲೆದಾಟ.

ತೆರಿಗೆ ಬಾಕಿಯನ್ನು ಹಗುರವಾಗಿ ನೋಡಬೇಡಿ. ಪ್ರೈವೇಟ್ ಕಂಪನಿಯಿಂದ ಆದಾಯ ತೆರಿಗೆ ವಸೂಲಾಗದಿದ್ದರೆ ಆ ವರ್ಷದ ಡೈರೆಕ್ಟರ್‌ಗಳಿಂದ ವಸೂಲು ಮಾಡಬಹುದು. ಜಿಎಸ್‌ಟಿಯಲ್ಲೂ ಹೀಗೇ ಇದೆ, 89ನೇ ಕಲಂ. ತಮ್ಮಿಂದ ಘೋರ ನಿರ್ಲಕ್ಷ್ಯವಾಗಲೀ ಕರ್ತವ್ಯಲೋಪವಾಗಲೀ ಆಗಿಲ್ಲ ಎಂದು ತೋರಿಸಬೇಕಾದ್ದು ಡೈರೆಕ್ಟರೇ. ಹೆಸರಿಗೆ ಮಾತ್ರ ಡೈರೆಕ್ಟರ್ ಮಾಡಿದ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಿ ಹೇಳಿ, ಆಮೇಲೆ ಸಹಿ ಕೇಳಿ.

## 11. ನೋಟಿಸ್ ಬಂದ ದಿನ

ಬಾಡಿಗೆದಾರರಿಂದಲೋ ಬ್ಯಾಂಕಿನಿಂದಲೋ ನೋಟಿಸ್ ಬಂದರೆ ಮೊದಲು ನೋಡಬೇಕಾದ್ದು ಅದು ಯಾರ ಹೆಸರಿಗೆ ಬಂದಿದೆ ಎಂದು. ಕಂಪನಿಗೆ ಬಂದ ನೋಟಿಸಿಗೆ "ನಾನು ಕೊಡುತ್ತೇನೆ, ನನ್ನ ಜವಾಬ್ದಾರಿ" ಎಂದು ನಿಮ್ಮ ವಾಟ್ಸಾಪ್‌ನಿಂದ ಉತ್ತರಿಸಬೇಡಿ. ಸೌಜನ್ಯಕ್ಕೆ ಬರೆದ ಆ ಒಂದು ಸಾಲನ್ನು ವೈಯಕ್ತಿಕ ಭರವಸೆ ಎಂದು ಕೋರ್ಟಿನ ಮುಂದೆ ಇಡುತ್ತಾರೆ. ಉತ್ತರ ಕಂಪನಿಯ ಲೆಟರ್‌ಹೆಡ್‌ನಲ್ಲಿ, ವಕೀಲರ ಮೂಲಕ. ಇಬ್ಬರ ಹೆಸರಿಗೂ ಬಂದಿದ್ದರೆ ಎರಡು ಬೇರೆ ಬೇರೆ ಉತ್ತರ. ನಿಮ್ಮ ಉತ್ತರದ ಜತೆ ಖರೀದಿ ಪತ್ರ, ಕರಾರುಪತ್ರ, ಕಂಪನಿ ಖಾತೆಗೆ ಬಾಡಿಗೆ ಬಂದ ಸ್ಟೇಟ್‌ಮೆಂಟ್‌ನ ಪ್ರತಿ ಲಗತ್ತಿಸಿ. ಚೆಕ್ ಬೌನ್ಸ್ ನೋಟಿಸ್ ಆದರೆ ಕೈಗೆ ಸಿಕ್ಕ ದಿನದಿಂದ 15 ದಿನದೊಳಗೆ ಹಣ ಕಟ್ಟಬೇಕು. ಲಕೋಟೆಯನ್ನೂ ಎಸೆಯಬೇಡಿ, ಮೇಲೆ ಮುಟ್ಟಿದ ತಾರೀಖು ಬರೆದಿಡಿ.